ದಾಂಪತ್ಯ ವಿರಸದ ಸಂದರ್ಭದಲ್ಲಿ ಮಧ್ಯಸ್ಥಿಕೆ: ಸೂಕ್ತ ವಿಧಾನದ ಆಯ್ಕೆ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಪತಿ ಪತ್ನಿಯರ ನಡುವೆ ವಿರಸವುಂಟಾಗಿ ಬೇರೆ ಬೇರೆಯಾಗಿ ವಾಸಿಸುವ ಸ್ಥಿತಿ ಬಂದಾಗ ಜೀವನಾಂಶ, ಮಕ್ಕಳ ಪಾಲನೆ, ವಾಸದ ಮನೆ, ಒಡವೆ ವಸ್ತು ಹಾಗೂ ಸಾಲಗಳ ಬಗ್ಗೆ ತೀರ್ಮಾನವಾಗಬೇಕಾಗುತ್ತದೆ. ಈ ಎಲ್ಲ ವಿಷಯಗಳನ್ನು ಪೂರ್ಣ ವಿಚಾರಣೆಯ ಮೂಲಕವೇ ಇತ್ಯರ್ಥಪಡಿಸಿಕೊಳ್ಳಬೇಕೆಂಬ ನಿಯಮವಿಲ್ಲ. ಉಭಯ ಪಕ್ಷಕಾರರು ತಟಸ್ಥ ವ್ಯಕ್ತಿಯೊಬ್ಬರ ಸಮ್ಮುಖದಲ್ಲಿ ಮಾತುಕತೆ ನಡೆಸಿ ಒಪ್ಪಂದಕ್ಕೆ ಬರಲು ಕಾನೂನಿನಲ್ಲಿ ಹಲವು ಅವಕಾಶಗಳಿವೆ.

ಆದರೆ ಈ ಅವಕಾಶಗಳೆಲ್ಲವೂ ಒಂದೇ ಬಗೆಯವಲ್ಲ. ಒಂದೆಡೆ ಆದ ಒಪ್ಪಂದವು ನ್ಯಾಯಾಲಯದ ಡಿಕ್ರಿಯಷ್ಟೇ ಬಲವುಳ್ಳದ್ದಾದರೆ, ಇನ್ನೊಂದೆಡೆ ಆದ ಒಪ್ಪಂದವು ಬರಿಯ ಕಾಗದವಾಗಿ ಉಳಿಯಬಹುದು. ಹಿರಿಯರ ಸಮ್ಮುಖದಲ್ಲಿ ಛಾಪಾ ಕಾಗದದ ಮೇಲೆ ಬರೆಸಿಕೊಂಡ ಬಿಡುಗಡೆ ಪತ್ರವನ್ನೇ ವಿಚ್ಛೇದನವೆಂದು ನಂಬಿ, ಹಲವು ವರ್ಷಗಳ ನಂತರ ಪಿಂಚಣಿ, ಪಾಸ್‌ಪೋರ್ಟ್, ಮರುವಿವಾಹ ನೋಂದಣಿ ಅಥವಾ ಆಸ್ತಿಯ ಹಕ್ಕಿನ ಪ್ರಶ್ನೆ ಎದುರಾದಾಗ ಆ ಪತ್ರಕ್ಕೆ ಬೆಲೆಯಿಲ್ಲವೆಂದು ತಿಳಿದು ಸಂಕಷ್ಟಕ್ಕೆ ಸಿಲುಕುವವರು ಇರುತ್ತಾರೆ. ಆದ್ದರಿಂದ ಮಾತುಕತೆಗೆ ಕುಳಿತುಕೊಳ್ಳುವ ಮೊದಲೇ ಯಾವ ವಿಧಾನವು ತಮ್ಮ ಸ್ಥಿತಿಗೆ ಹೊಂದುತ್ತದೆ ಎಂಬುದನ್ನು ಅರಿಯುವುದು ಅವಶ್ಯಕ. ಕರ್ನಾಟಕದಲ್ಲಿ ಲಭ್ಯವಿರುವ ವಿಧಾನಗಳು, ಅವುಗಳ ಪರಿಣಾಮ ಹಾಗೂ ಸಿದ್ಧತೆಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

2. ಪದಗಳ ಅರ್ಥ

ಆಪ್ತ ಸಮಾಲೋಚನೆ: ಸಂಬಂಧವನ್ನು ಉಳಿಸಿಕೊಳ್ಳುವ ಸಾಧ್ಯತೆ ಇದೆಯೇ ಎಂಬುದನ್ನು ಅರಿಯಲು, ಮನಸ್ಸಿನ ಗೊಂದಲವನ್ನು ತಿಳಿಗೊಳಿಸಲು ನಡೆಯುವ ಮಾತುಕತೆ. ಇದರ ಫಲ ಒಪ್ಪಂದವೇ ಆಗಬೇಕೆಂದಿಲ್ಲ.

ಮಧ್ಯಸ್ಥಿಕೆ: ತರಬೇತಿ ಪಡೆದ ಮಧ್ಯಸ್ಥಿಕೆಗಾರರ ನೆರವಿನಿಂದ ಪಕ್ಷಕಾರರೇ ತಮ್ಮ ವಿವಾದಕ್ಕೆ ಪರಿಹಾರ ಕಂಡುಕೊಳ್ಳುವ ಕ್ರಮ. ಮಧ್ಯಸ್ಥಿಕೆಗಾರರು ತೀರ್ಪು ನೀಡುವುದಿಲ್ಲ ಹಾಗೂ ಯಾರು ಸರಿ, ಯಾರು ತಪ್ಪು ಎಂದು ನಿರ್ಣಯಿಸುವುದಿಲ್ಲ.

ಲೋಕ ಅದಾಲತ್: ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಅಡಿಯಲ್ಲಿ ಏರ್ಪಡಿಸಲಾಗುವ ಪೀಠ. ಇಲ್ಲಿ ಸಂಧಾನಕಾರರು ರಾಜಿಗೆ ನೆರವಾಗುತ್ತಾರೆ. ರಾಜಿಯಾದಲ್ಲಿ ಅದನ್ನು ಐತೀರ್ಪಾಗಿ ದಾಖಲಿಸಲಾಗುತ್ತದೆ.

ಪಂಚಾಯ್ತಿ: ಕುಟುಂಬದ ಅಥವಾ ಸಮುದಾಯದ ಹಿರಿಯರು ಸೇರಿ ನಡೆಸುವ ಮಾತುಕತೆ. ಇದಕ್ಕೆ ಸಾಮಾಜಿಕ ಗೌರವವಿದ್ದರೂ ವಿವಾಹವನ್ನು ವಿಸರ್ಜಿಸುವ ಅಧಿಕಾರವು ಇದಕ್ಕಿರುವುದಿಲ್ಲ.

3. ಕಾನೂನಿನ ಆಧಾರ

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ ಕಲಂ 9ರ ಪ್ರಕಾರ, ಸಾಧ್ಯವಿರುವಲ್ಲೆಲ್ಲ ಪಕ್ಷಕಾರರು ಇತ್ಯರ್ಥಕ್ಕೆ ಬರುವಂತೆ ಮೊದಲು ಪ್ರಯತ್ನಿಸುವುದು ಕೌಟುಂಬಿಕ ನ್ಯಾಯಾಲಯದ ಕರ್ತವ್ಯವಾಗಿದೆ. ಹಿಂದೂ ವಿವಾಹ ಕಾಯ್ದೆ, 1955ರ ಕಲಂ 23 ಸಹ ಸಂಧಾನದ ಪ್ರಯತ್ನವನ್ನು ವಿಧಿಸುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 89 ದಿನಾಂಕ 1-7-2002ರಿಂದ ಜಾರಿಗೆ ಬಂದು, ವಿವಾದಗಳನ್ನು ಮಧ್ಯಸ್ಥಿಕೆಗೆ ಅಥವಾ ಲೋಕ ಅದಾಲತ್‌ಗೆ ಒಪ್ಪಿಸಲು ನ್ಯಾಯಾಲಯಗಳಿಗೆ ಅಧಿಕಾರ ನೀಡಿದೆ. ರಾಜ್ಯದಲ್ಲಿ ಇದಕ್ಕಾಗಿ 2005ರಲ್ಲಿ ಮಧ್ಯಸ್ಥಿಕೆ ನಿಯಮಗಳನ್ನು ರಚಿಸಲಾಯಿತು ಹಾಗೂ 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವು ಕಾರ್ಯಾರಂಭ ಮಾಡಿತು.

ವೈವಾಹಿಕ ವಿವಾದಗಳು ಮಧ್ಯಸ್ಥಿಕೆಗೆ ಸೂಕ್ತವೆಂದು ಸರ್ವೋಚ್ಚ ನ್ಯಾಯಾಲಯವು 2010ರ ಆಫ್‌ಕಾನ್ಸ್ ಪ್ರಕರಣದಲ್ಲಿ ತಿಳಿಸಿದೆ. 2013ರ ಕೆ. ಶ್ರೀನಿವಾಸ ರಾವ್ ಪ್ರಕರಣದಲ್ಲಿ, ಇಂತಹ ವಿವಾದಗಳನ್ನು ಸಾಧ್ಯವಾದಷ್ಟು ಆರಂಭದ ಹಂತದಲ್ಲಿಯೇ ಮಧ್ಯಸ್ಥಿಕೆಗೆ ಒಪ್ಪಿಸುವಂತೆ ಸೂಚಿಸಿದೆ. ಮಧ್ಯಸ್ಥಿಕೆ ಕಾಯ್ದೆ, 2023ರ ಕೆಲವು ಕಲಂಗಳು ದಿನಾಂಕ 9-10-2023ರಿಂದ ಜಾರಿಗೆ ಬಂದಿವೆ.

4. ಲಭ್ಯವಿರುವ ವಿಧಾನಗಳು

4.1 ವ್ಯಾಜ್ಯಪೂರ್ವ ಮಧ್ಯಸ್ಥಿಕೆ

ನ್ಯಾಯಾಲಯದಲ್ಲಿ ಯಾವುದೇ ಪ್ರಕರಣ ದಾಖಲಾಗಿಲ್ಲದಿದ್ದಲ್ಲಿ ಪತಿ ಅಥವಾ ಪತ್ನಿಯು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಸಲ್ಲಿಸಬಹುದು. ಈ ಕಚೇರಿಗಳು ಸಾಮಾನ್ಯವಾಗಿ ನ್ಯಾಯಾಲಯದ ಸಂಕೀರ್ಣದಲ್ಲಿಯೇ ಇರುತ್ತವೆ. ಅರ್ಜಿ ಸ್ವೀಕೃತವಾದ ನಂತರ ಎದುರು ಪಕ್ಷಕಾರರಿಗೆ ತಿಳಿವಳಿಕೆ ಪತ್ರ ಕಳುಹಿಸಿ ಮಾತುಕತೆಗೆ ಕರೆಯಲಾಗುತ್ತದೆ. ಹಾಜರಾಗಲು ಎದುರು ಪಕ್ಷಕಾರರು ನಿರಾಕರಿಸಿದಲ್ಲಿ ಅವರನ್ನು ಬಲವಂತಪಡಿಸಲು ಬರುವುದಿಲ್ಲ. ಅರ್ಜಿದಾರರು ನ್ಯಾಯಾಲಯದ ಮೊರೆ ಹೋಗುವ ಹಕ್ಕು ಹಾಗೆಯೇ ಉಳಿಯುತ್ತದೆ.

ಯಾರಿಗೆ ಸೂಕ್ತ: ವಿರಸ ಹೊಸದಾಗಿದ್ದು, ಆಪಾದನೆಗಳು ಇನ್ನೂ ಕಾಗದಕ್ಕೆ ಇಳಿಯದಿರುವವರಿಗೆ. ಅರ್ಜಿ, ಪ್ರತ್ಯುತ್ತರಗಳಲ್ಲಿ ಪರಸ್ಪರ ದೂಷಣೆ ದಾಖಲಾದ ಮೇಲೆ ಮಾತುಕತೆ ಕಠಿಣವಾಗುವುದೇ ಹೆಚ್ಚು.

4.2 ಕೌಟುಂಬಿಕ ನ್ಯಾಯಾಲಯದ ಆಪ್ತ ಸಮಾಲೋಚನೆ

ಪ್ರಕರಣ ದಾಖಲಾದ ನಂತರ ನ್ಯಾಯಾಲಯವು ಪಕ್ಷಕಾರರನ್ನು ಆಪ್ತ ಸಮಾಲೋಚಕರ ಬಳಿಗೆ ಕಳುಹಿಸಬಹುದು. ಕಾಯ್ದೆಯ ಕಲಂ 13ರ ಪ್ರಕಾರ ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರ ಮೂಲಕ ಪ್ರತಿನಿಧಿಸಲ್ಪಡುವುದು ಹಕ್ಕಿನ ವಿಷಯವಲ್ಲ. ನ್ಯಾಯಾಲಯದ ಅನುಮತಿ ಬೇಕಾಗುತ್ತದೆ. ಆದ್ದರಿಂದ ಪಕ್ಷಕಾರರು ಸ್ವತಃ ಮಾತನಾಡಲು ಸಿದ್ಧರಿರಬೇಕು. ಕಲಂ 11ರ ಅನ್ವಯ ಯಾವುದೇ ಒಂದು ಪಕ್ಷವು ಕೋರಿದಲ್ಲಿ ನಡವಳಿಗಳನ್ನು ಗೋಪ್ಯವಾಗಿ ನಡೆಸಬೇಕಾಗುತ್ತದೆ.

ಯಾರಿಗೆ ಸೂಕ್ತ: ಮತ್ತೆ ಕೂಡಿ ಬಾಳುವ ಬಗ್ಗೆ ಒಬ್ಬರಿಗಾದರೂ ಮನಸ್ಸಿರುವ ಪ್ರಕರಣಗಳಿಗೆ ಹಾಗೂ ಮಕ್ಕಳ ಮಾನಸಿಕ ಸ್ಥಿತಿಯ ಬಗ್ಗೆ ಚಿಂತೆ ಇರುವವರಿಗೆ. ಹಣಕಾಸಿನ ಜಟಿಲ ಲೆಕ್ಕಾಚಾರಗಳಿಗೆ ಮುಂದಿನ ವಿಧಾನ ಹೆಚ್ಚು ಅನುಕೂಲ.

4.3 ನ್ಯಾಯಾಲಯ ಸಂಯೋಜಿತ ಮಧ್ಯಸ್ಥಿಕೆ

ಬಾಕಿ ಇರುವ ಪ್ರಕರಣವನ್ನು ನ್ಯಾಯಾಲಯವು ತಾನಾಗಿಯೇ ಅಥವಾ ಪಕ್ಷಕಾರರ ಕೋರಿಕೆಯ ಮೇರೆಗೆ ಮಧ್ಯಸ್ಥಿಕೆ ಕೇಂದ್ರಕ್ಕೆ ಒಪ್ಪಿಸುತ್ತದೆ. ಬೆಂಗಳೂರಿನ ಕೇಂದ್ರವು ಎಚ್. ಸಿದ್ಧಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿದ್ದು, ಜಿಲ್ಲೆಗಳಲ್ಲಿ ನ್ಯಾಯಾಲಯದ ಸಂಕೀರ್ಣಗಳಲ್ಲಿ ಮಧ್ಯಸ್ಥಿಕೆ ಕೇಂದ್ರಗಳು ಕಾರ್ಯನಿರ್ವಹಿಸುತ್ತವೆ. ನ್ಯಾಯಾಲಯದಿಂದ ಒಪ್ಪಿಸಲಾದ ಪ್ರಕರಣಗಳಲ್ಲಿ ಪಕ್ಷಕಾರರು ಮಧ್ಯಸ್ಥಿಕೆಗಾರರಿಗೆ ಶುಲ್ಕ ನೀಡಬೇಕಾಗಿಲ್ಲ. ವಕೀಲರು ಜೊತೆಯಲ್ಲಿ ಕುಳಿತುಕೊಳ್ಳಬಹುದು.

ಇಲ್ಲಿ ಆಡಿದ ಮಾತುಗಳು ಗೋಪ್ಯವಾಗಿರುತ್ತವೆ. ಒಪ್ಪಂದವಾಗದಿದ್ದಲ್ಲಿ, ಒಪ್ಪಂದವಾಗಿಲ್ಲ ಎಂಬಷ್ಟನ್ನು ಮಾತ್ರ ನ್ಯಾಯಾಲಯಕ್ಕೆ ವರದಿ ಮಾಡಲಾಗುತ್ತದೆ. ಯಾರು ಎಷ್ಟು ಹಣ ಕೇಳಿದರು, ಯಾರು ಹಠ ಹಿಡಿದರು ಎಂಬ ವಿವರವನ್ನು ತಿಳಿಸುವುದಿಲ್ಲ. ಆದುದರಿಂದ ಮಾತುಕತೆಯ ಕೋಣೆಯಲ್ಲಿ ತಗ್ಗಿ ಮಾತನಾಡಿದರೆ ಪ್ರಕರಣ ಸೋಲಬಹುದೆಂಬ ಭಯಕ್ಕೆ ಕಾರಣವಿಲ್ಲ.

ಯಾರಿಗೆ ಸೂಕ್ತ: ಜೀವನಾಂಶ, ಮನೆ, ಸಾಲ, ಮಕ್ಕಳ ಭೇಟಿ ಮುಂತಾದ ಹಲವು ವಿಷಯಗಳು ಒಂದಕ್ಕೊಂದು ಹೆಣೆದುಕೊಂಡಿರುವ ಹಾಗೂ ಉಭಯರ ನಡುವೆ ಹಲವು ಪ್ರಕರಣಗಳು ಬಾಕಿ ಇರುವ ಸಂದರ್ಭಗಳಿಗೆ.

4.4 ಲೋಕ ಅದಾಲತ್

ಲೋಕ ಅದಾಲತ್‌ನ ಐತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಯೆಂದು ಪರಿಗಣಿತವಾಗುತ್ತದೆ ಹಾಗೂ ಅದರ ವಿರುದ್ಧ ಮೇಲ್ಮನವಿಗೆ ಅವಕಾಶವಿರುವುದಿಲ್ಲ. ಬಾಕಿ ಪ್ರಕರಣವು ಇಲ್ಲಿ ರಾಜಿಯಾದಲ್ಲಿ ಪಾವತಿಸಿದ ನ್ಯಾಯಾಲಯ ಶುಲ್ಕವನ್ನು ಹಿಂದಿರುಗಿಸಲಾಗುತ್ತದೆ. ರಾಷ್ಟ್ರೀಯ ಲೋಕ ಅದಾಲತ್‌ಗಳಲ್ಲಿ ವಿಚ್ಛೇದನವನ್ನು ಹೊರತುಪಡಿಸಿ ಇತರ ವೈವಾಹಿಕ ವಿವಾದಗಳನ್ನು ಕೈಗೆತ್ತಿಕೊಳ್ಳಲಾಗುತ್ತದೆ. ರಾಜಿಯಾಗಲು ಅವಕಾಶವಿಲ್ಲದ ಅಪರಾಧ ಪ್ರಕರಣಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.

ಯಾರಿಗೆ ಸೂಕ್ತ: ಜೀವನಾಂಶದ ಮೊತ್ತ, ಬಾಕಿ ಪಾವತಿಯಂತಹ ಒಂದೆರಡು ವಿಷಯಗಳಲ್ಲಿ ಬಹುತೇಕ ಒಮ್ಮತವಿದ್ದು, ಅದಕ್ಕೆ ಶೀಘ್ರವಾಗಿ ಡಿಕ್ರಿಯ ಬಲ ಬೇಕಾಗಿರುವವರಿಗೆ. ಒಂದು ದಿನದಲ್ಲಿ ಹಲವು ಪ್ರಕರಣಗಳು ಬರುವುದರಿಂದ ದೀರ್ಘ ಮಾತುಕತೆಗೆ ಸಮಯ ಕಡಿಮೆ. ಮೇಲ್ಮನವಿ ಇಲ್ಲದಿರುವುದರಿಂದ ಷರತ್ತುಗಳನ್ನು ಪೂರ್ಣವಾಗಿ ಓದಿಸಿಕೊಂಡು ತಿಳಿದ ನಂತರವೇ ಸಹಿ ಮಾಡತಕ್ಕದ್ದು.

4.5 ಮಹಿಳೆಯರಿಗಾಗಿ ಇರುವ ಕೇಂದ್ರಗಳು

ಸಖಿ ಒನ್ ಸ್ಟಾಪ್ ಕೇಂದ್ರಗಳು ಹಾಗೂ ಸಾಂತ್ವನ ಯೋಜನೆಯ ಕೇಂದ್ರಗಳಲ್ಲಿ ನೊಂದ ಮಹಿಳೆಯರಿಗೆ ಆಪ್ತ ಸಮಾಲೋಚನೆ, ಕಾನೂನು ನೆರವು ಮತ್ತು ಅಗತ್ಯವಿದ್ದಲ್ಲಿ ತಾತ್ಕಾಲಿಕ ಆಶ್ರಯ ದೊರೆಯುತ್ತದೆ. ಇವು ಮೊದಲ ಹೆಜ್ಜೆಯಾಗಿ ಉಪಯುಕ್ತ. ಆದರೆ ಇಲ್ಲಿ ಬರೆದುಕೊಂಡ ಮುಚ್ಚಳಿಕೆಯು ನ್ಯಾಯಾಲಯದ ಡಿಕ್ರಿಯಲ್ಲ ಎಂಬುದನ್ನು ಗಮನಿಸತಕ್ಕದ್ದು.

4.6 ಖಾಸಗಿ ಮಧ್ಯಸ್ಥಿಕೆ ಮತ್ತು ಹಿರಿಯರ ಪಂಚಾಯ್ತಿ

ಉಭಯರೂ ಒಪ್ಪಿದ ಖಾಸಗಿ ಮಧ್ಯಸ್ಥಿಕೆಗಾರರ ಬಳಿ, ಶುಲ್ಕ ನೀಡಿ, ತಮಗೆ ಅನುಕೂಲವಾದ ಸ್ಥಳ ಮತ್ತು ಸಮಯದಲ್ಲಿ ಮಾತುಕತೆ ನಡೆಸಬಹುದು. ಶುಲ್ಕವನ್ನು ಯಾರು ಎಷ್ಟು ಭರಿಸಬೇಕೆಂಬುದನ್ನು ಮೊದಲೇ ಲಿಖಿತವಾಗಿ ನಿರ್ಧರಿಸಿಕೊಳ್ಳುವುದು ಒಳಿತು. ಹಿರಿಯರ ಪಂಚಾಯ್ತಿಯು ಮನಸ್ಸುಗಳನ್ನು ಹತ್ತಿರ ತರಬಹುದು; ಆದರೆ ಅಲ್ಲಿನ ತೀರ್ಮಾನವನ್ನು ಕಾನೂನಿನ ಮಾರ್ಗದಲ್ಲಿ ದೃಢಪಡಿಸಿಕೊಳ್ಳದಿದ್ದಲ್ಲಿ ಅದು ಉಭಯರ ಸದ್ಭಾವನೆಯನ್ನು ಮಾತ್ರ ಅವಲಂಬಿಸಿರುತ್ತದೆ.

5. ಕುಳಿತು ಮಾತನಾಡುವ ಕ್ರಮದ ಆಯ್ಕೆ

ಸ್ಥಳವನ್ನು ಆಯ್ದುಕೊಂಡಷ್ಟೇ ಮುಖ್ಯವಾದುದು ಮಾತುಕತೆಯ ಕ್ರಮ. ಈ ಬಗ್ಗೆ ಮಧ್ಯಸ್ಥಿಕೆಗಾರರಲ್ಲಿ ಮೊದಲ ದಿನವೇ ಕೋರಿಕೆ ಸಲ್ಲಿಸಬಹುದು.

(ಅ) ಜಂಟಿ ಸಭೆ: ಉಭಯರೂ ಎದುರುಬದುರಾಗಿ ಕುಳಿತು ಮಾತನಾಡುವುದು. ಪರಸ್ಪರ ಗೌರವ ಉಳಿದಿರುವವರಿಗೆ ಇದು ತ್ವರಿತ ಮಾರ್ಗ. ಮಕ್ಕಳ ಶಾಲೆ, ರಜೆ, ಭೇಟಿಯ ವೇಳಾಪಟ್ಟಿ ಮುಂತಾದವನ್ನು ಜಂಟಿ ಸಭೆಯಲ್ಲಿಯೇ ತೀರ್ಮಾನಿಸುವುದು ಒಳ್ಳೆಯದು, ಏಕೆಂದರೆ ಮುಂದೆಯೂ ಈ ಇಬ್ಬರೇ ಅದನ್ನು ನಡೆಸಿಕೊಂಡು ಹೋಗಬೇಕಾಗುತ್ತದೆ.

(ಆ) ಪ್ರತ್ಯೇಕ ಸಭೆ: ಮಧ್ಯಸ್ಥಿಕೆಗಾರರು ಒಬ್ಬೊಬ್ಬರೊಂದಿಗೆ ಬೇರೆ ಬೇರೆಯಾಗಿ ಮಾತನಾಡುವುದು. ಎದುರಿಗೆ ಬಾಯಿ ತೆರೆಯಲು ಅಂಜುವವರಿಗೆ, ಹಣಕಾಸಿನ ಮಿತಿಯನ್ನು ಗುಟ್ಟಾಗಿ ತಿಳಿಸಬಯಸುವವರಿಗೆ ಇದು ಸೂಕ್ತ. ಪ್ರತ್ಯೇಕ ಸಭೆಯಲ್ಲಿ ಹೇಳಿದ್ದನ್ನು ಹೇಳಿದವರ ಅನುಮತಿ ಇಲ್ಲದೆ ಎದುರು ಪಕ್ಷಕ್ಕೆ ತಿಳಿಸುವುದಿಲ್ಲ.

(ಇ) ಬಂಧುಗಳ ಹಾಜರಾತಿ: ತಂದೆ ತಾಯಿ, ಸೋದರರು ಬರುವುದಕ್ಕೆ ನಿಷೇಧವಿಲ್ಲ. ಆದರೆ ಅವರು ಕೋಣೆಯೊಳಗೆ ಕುಳಿತುಕೊಳ್ಳಬೇಕೇ, ಹೊರಗೆ ಕಾಯಬೇಕೇ ಎಂಬುದನ್ನು ಉಭಯರ ಒಪ್ಪಿಗೆಯಿಂದ ನಿರ್ಧರಿಸಬೇಕು. ಹಣ ನೀಡುವವರು ಅಥವಾ ಮಗುವನ್ನು ನೋಡಿಕೊಳ್ಳುವವರು ಬಂಧುಗಳೇ ಆಗಿದ್ದಲ್ಲಿ ಅಂತಿಮ ಹಂತದಲ್ಲಿ ಅವರ ಹಾಜರಾತಿ ಉಪಯುಕ್ತ.

(ಈ) ವಿಡಿಯೊ ಕಾನ್ಫರೆನ್ಸ್: ಪತಿ ಅಥವಾ ಪತ್ನಿ ಹೊರರಾಜ್ಯ ಇಲ್ಲವೆ ವಿದೇಶದಲ್ಲಿರುವಾಗ ಈ ಪ್ರಶ್ನೆ ಬರುತ್ತದೆ. ಕೌಟುಂಬಿಕ ನ್ಯಾಯಾಲಯದ ಸಂಧಾನದ ಹಂತದಲ್ಲಿ ವಿಡಿಯೊ ಕಾನ್ಫರೆನ್ಸ್ ಸೂಕ್ತವಲ್ಲವೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಹುಮತದ ತೀರ್ಪು ನೀಡಿತ್ತು. 2020ರ ನಂತರ ನ್ಯಾಯಾಲಯಗಳಲ್ಲಿ ಈ ಸೌಲಭ್ಯದ ಬಳಕೆ ವಿಸ್ತಾರಗೊಂಡಿದೆ. ಆದ್ದರಿಂದ ಸಂಬಂಧಪಟ್ಟ ನ್ಯಾಯಾಲಯದ ಅನುಮತಿ ಕೋರಿ, ಅದು ದೊರೆತ ಮೇಲೆಯೇ ಪ್ರಯಾಣದ ವಿಷಯ ನಿರ್ಧರಿಸುವುದು ಸೂಕ್ತ. ಮಾತುಕತೆಯನ್ನು ಧ್ವನಿಮುದ್ರಿಸಿಕೊಳ್ಳುವಂತಿಲ್ಲ.

6. ಮಧ್ಯಸ್ಥಿಕೆಯನ್ನು ಮೊದಲು ಆಯ್ದುಕೊಳ್ಳಬಾರದ ಸಂದರ್ಭಗಳು

ಮಧ್ಯಸ್ಥಿಕೆಯು ಉಭಯರೂ ಭಯವಿಲ್ಲದೆ ಮಾತನಾಡಬಲ್ಲರು ಎಂಬ ಆಧಾರದ ಮೇಲೆ ನಿಂತಿದೆ. ಆ ಆಧಾರವಿಲ್ಲದಲ್ಲಿ ಒಪ್ಪಂದವು ಒಪ್ಪಂದವಾಗಿರುವುದಿಲ್ಲ. ಈ ಕೆಳಕಂಡ ಸಂದರ್ಭಗಳಲ್ಲಿ ಮೊದಲು ರಕ್ಷಣೆ, ನಂತರ ಮಾತುಕತೆ ಎಂಬ ಕ್ರಮವನ್ನು ಅನುಸರಿಸತಕ್ಕದ್ದು:

1. ಹೊಡೆತ, ಪ್ರಾಣಬೆದರಿಕೆ, ಮನೆಯಿಂದ ಹೊರಹಾಕುವಿಕೆ ನಡೆದಿರುವಾಗ ಅಥವಾ ನಡೆಯುವ ಸಂಭವವಿರುವಾಗ.
2. ಮಗುವನ್ನು ಬಚ್ಚಿಟ್ಟಿರುವಾಗ ಅಥವಾ ಮಗುವಿನ ಸುರಕ್ಷತೆಯ ಬಗ್ಗೆ ಸಂಶಯವಿರುವಾಗ.
3. ಆಸ್ತಿಯನ್ನು ಅವಸರದಲ್ಲಿ ಪರಭಾರೆ ಮಾಡುತ್ತಿರುವಾಗ.
4. ಊಟ, ಔಷಧ, ಬಾಡಿಗೆಗೂ ಹಣವಿಲ್ಲದೆ, ಏನು ಕೊಟ್ಟರೂ ಒಪ್ಪಬೇಕಾದ ಸ್ಥಿತಿ ಒಬ್ಬರಿಗೆ ಇರುವಾಗ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಅಡಿಯಲ್ಲಿ ಸಂರಕ್ಷಣಾ ಆದೇಶ, ವಾಸದ ಆದೇಶ, ಹಣಕಾಸಿನ ಪರಿಹಾರ ಹಾಗೂ ಮಕ್ಕಳ ತಾತ್ಕಾಲಿಕ ಪಾಲನೆಯ ಆದೇಶ ಪಡೆಯಲು ಅವಕಾಶವಿದೆ. ಇದಕ್ಕಾಗಿ ಸಂರಕ್ಷಣಾಧಿಕಾರಿಗಳನ್ನು ಸಂಪರ್ಕಿಸಬಹುದು. ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಮಾಹಿತಿ ದೊರೆಯುತ್ತದೆ. ಈ ಕಾಯ್ದೆಯಡಿ ನ್ಯಾಯಾಧೀಶರು ಆಪ್ತ ಸಮಾಲೋಚನೆಗೆ ನಿರ್ದೇಶಿಸಿದಲ್ಲಿಯೂ, ಹಿಂಸೆಯನ್ನು ಸಮರ್ಥಿಸಿಕೊಳ್ಳಲು ಎದುರುದಾರರಿಗೆ ಅವಕಾಶವಿಲ್ಲವೆಂದು 2006ರ ನಿಯಮಗಳು ಸ್ಪಷ್ಟಪಡಿಸಿವೆ.

ನಾಲ್ಕನೆಯ ಸಂದರ್ಭದಲ್ಲಿ ಹಿಂದೂ ವಿವಾಹ ಕಾಯ್ದೆಯ ಕಲಂ 24ರ ಅಡಿ ಅಥವಾ ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144ರ ಅಡಿ ಮಧ್ಯಂತರ ಜೀವನಾಂಶಕ್ಕೆ ಅರ್ಜಿ ಸಲ್ಲಿಸಬಹುದು. ನೋಟಿಸು ಜಾರಿಯಾದ ದಿನದಿಂದ ಸಾಧ್ಯವಾದಮಟ್ಟಿಗೆ 60 ದಿನಗಳೊಳಗೆ ಇಂತಹ ಅರ್ಜಿಯನ್ನು ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. ಮಧ್ಯಸ್ಥಿಕೆ ನಡೆಯುತ್ತಿದೆ ಎಂಬ ಕಾರಣಕ್ಕೆ ಈ ಅರ್ಜಿಯನ್ನು ಬಿಟ್ಟುಕೊಡಬೇಕಾಗಿಲ್ಲ. ಕೈಯಲ್ಲಿ ತಿಂಗಳ ಖರ್ಚಿಗೆ ಹಣವಿರುವವರು ಮಾತ್ರ ನಿಧಾನವಾಗಿ ಯೋಚಿಸಿ ಒಪ್ಪಂದ ಮಾಡಿಕೊಳ್ಳಬಲ್ಲರು.

7. ಮಾತುಕತೆಗೆ ಮುನ್ನ ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

1. ವಿವಾಹದ ಆಹ್ವಾನ ಪತ್ರಿಕೆ, ಛಾಯಾಚಿತ್ರ, ವಿವಾಹ ನೋಂದಣಿ ಪ್ರಮಾಣಪತ್ರ.
2. ಉಭಯರ ಗುರುತಿನ ಚೀಟಿ ಹಾಗೂ ವಾಸಸ್ಥಳದ ದಾಖಲೆ.
3. ಮಕ್ಕಳ ಜನನ ಪ್ರಮಾಣಪತ್ರ, ಶಾಲಾ ಶುಲ್ಕದ ರಸೀದಿಗಳು, ವೈದ್ಯಕೀಯ ವೆಚ್ಚದ ವಿವರ.
4. ವೇತನ ಚೀಟಿ, ಆದಾಯ ತೆರಿಗೆ ವಿವರ, ಬ್ಯಾಂಕ್ ಪಾಸ್‌ಪುಸ್ತಕ. ಕೃಷಿಕರಾದಲ್ಲಿ ಪಹಣಿ ಹಾಗೂ ಬೆಳೆಯ ವಿವರ.
5. ಗೃಹಸಾಲ, ಚಿನ್ನದ ಸಾಲ, ವಾಹನ ಸಾಲ, ಸ್ವಸಹಾಯ ಸಂಘದ ಸಾಲಗಳ ಬಾಕಿ ಪತ್ರ.
6. ವಿಮೆ, ಭವಿಷ್ಯ ನಿಧಿ ಮತ್ತು ಠೇವಣಿಗಳ ಪಟ್ಟಿ, ನಾಮನಿರ್ದೇಶಿತರ ಹೆಸರು ಸಹಿತ.
7. ಸ್ತ್ರೀಧನದ ಪಟ್ಟಿ: ತವರಿನಿಂದ ಹಾಗೂ ಗಂಡನ ಮನೆಯಿಂದ ಬಂದ ಒಡವೆಗಳನ್ನು ಹೆಸರು ಮತ್ತು ತೂಕ ಸಹಿತ, ಈಗ ಯಾರ ವಶದಲ್ಲಿವೆ ಎಂಬ ವಿವರದೊಂದಿಗೆ ಬರೆಯತಕ್ಕದ್ದು. ಸ್ತ್ರೀಧನವು ಪತ್ನಿಯ ಸ್ವಂತ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಸ್ಪಷ್ಟಪಡಿಸಿದೆ; ಅದನ್ನು ಜೀವನಾಂಶದ ಮೊತ್ತದಲ್ಲಿ ವಜಾ ಮಾಡುವ ಪ್ರಸ್ತಾಪ ಬಂದಲ್ಲಿ ಎಚ್ಚರ ವಹಿಸುವುದು.

ಜೀವನಾಂಶದ ಪ್ರಕರಣಗಳಲ್ಲಿ ಉಭಯರೂ ತಮ್ಮ ಆದಾಯ, ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದೆ. ವ್ಯಾಜ್ಯಪೂರ್ವ ಹಂತದಲ್ಲಿಯೂ ಅದೇ ಮಾದರಿಯಲ್ಲಿ ವಿವರ ಬರೆದುಕೊಂಡು ಹೋದಲ್ಲಿ ಮಾತುಕತೆಯು ಅಂದಾಜಿನ ಮೇಲೆ ನಡೆಯದೆ ಅಂಕಿಗಳ ಮೇಲೆ ನಡೆಯುತ್ತದೆ.

8. ಮೊತ್ತದ ಲೆಕ್ಕಾಚಾರ: ಒಂದು ಉದಾಹರಣೆ

ಮಾಸಿಕ ಜೀವನಾಂಶವೇ ಒಳಿತೇ, ಒಂದೇ ಗಂಟಿನ ಮೊತ್ತವೇ ಒಳಿತೇ ಎಂಬುದು ಸಾಮಾನ್ಯ ಪ್ರಶ್ನೆ. ಮಾಸಿಕ ರೂ. 10,000ದಂತೆ 10 ವರ್ಷಗಳಿಗೆ ಒಟ್ಟು ರೂ. 12,00,000 ಆಗುತ್ತದೆ. ಅದೇ ಮೊತ್ತಕ್ಕೆ ವರ್ಷಕ್ಕೆ ಶೇಕಡ 5ರ ಹೆಚ್ಚಳವನ್ನು ಒಪ್ಪಂದದಲ್ಲಿ ಸೇರಿಸಿದಲ್ಲಿ 10 ವರ್ಷಗಳ ಒಟ್ಟು ಮೊತ್ತ ಸುಮಾರು ರೂ. 15,09,000 ಆಗುತ್ತದೆ. ಒಂದು ಸಾಲಿನ ಷರತ್ತಿನಿಂದ ರೂ. 3 ಲಕ್ಷಕ್ಕೂ ಮಿಗಿಲಾದ ವ್ಯತ್ಯಾಸ ಉಂಟಾಗುತ್ತದೆ. ಇನ್ನೊಂದೆಡೆ, ಪಾವತಿಸುವವರ ಉದ್ಯೋಗ ಸ್ಥಿರವಲ್ಲದಿದ್ದಲ್ಲಿ ಕೈಗೆ ಬಾರದ ಮಾಸಿಕ ಮೊತ್ತಕ್ಕಿಂತ ಕೈಗೆ ಬಂದ ಗಂಟು ಮೊತ್ತವೇ ಭದ್ರ. ಪಾವತಿಸುವವರ ಸಾಮರ್ಥ್ಯವನ್ನು ಮೀರಿದ ಮಾಸಿಕ ಮೊತ್ತಕ್ಕೆ ಒಪ್ಪಿಸಿದಲ್ಲಿ ಕೆಲವೇ ತಿಂಗಳಲ್ಲಿ ಬಾಕಿ ಬೆಳೆದು ಉಭಯರೂ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

9. ಒಪ್ಪಂದ ಪತ್ರದಲ್ಲಿ ಇರಬೇಕಾದ ಅಂಶಗಳು

1. ಪಾವತಿಸಬೇಕಾದ ಮೊತ್ತ, ದಿನಾಂಕ, ಪಾವತಿಯ ವಿಧಾನ, ತಪ್ಪಿದಲ್ಲಿ ಪರಿಣಾಮ.
2. ಮಕ್ಕಳು ಯಾರೊಡನೆ ವಾಸಿಸಬೇಕು, ಭೇಟಿಯ ದಿನ, ಸ್ಥಳ, ಗಂಟೆ, ದಸರಾ ಮತ್ತು ಬೇಸಿಗೆ ರಜೆಯ ಹಂಚಿಕೆ, ದೂರವಾಣಿ ಮಾತುಕತೆ. ತೀರ್ಮಾನದಲ್ಲಿ ಮಗುವಿನ ಹಿತವೇ ಪ್ರಧಾನ. 5 ವರ್ಷದೊಳಗಿನ ಮಗುವು ಸಾಮಾನ್ಯವಾಗಿ ತಾಯಿಯೊಡನೆ ಇರಬೇಕೆಂದು ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ, 1956 ತಿಳಿಸುತ್ತದೆ.
3. ಶಾಲೆ ಬದಲಾವಣೆ, ಪಾಸ್‌ಪೋರ್ಟ್, ಶಸ್ತ್ರಚಿಕಿತ್ಸೆಯಂತಹ ವಿಷಯಗಳಲ್ಲಿ ಯಾರ ಸಹಿ ಬೇಕು ಎಂಬ ವಿವರ.
4. ಜಂಟಿ ಗೃಹಸಾಲದ ಕಂತುಗಳ ಹೊಣೆ. ಬ್ಯಾಂಕು ಈ ಒಪ್ಪಂದದ ಪಕ್ಷಕಾರನಲ್ಲ. ಕಂತು ಕಟ್ಟುವೆನೆಂದು ಒಬ್ಬರು ಒಪ್ಪಿದ ಮಾತ್ರಕ್ಕೆ ಇನ್ನೊಬ್ಬರು ಸಾಲದಿಂದ ಮುಕ್ತರಾಗುವುದಿಲ್ಲ. ಬ್ಯಾಂಕಿನ ಲಿಖಿತ ಒಪ್ಪಿಗೆ ಪ್ರತ್ಯೇಕವಾಗಿ ಪಡೆಯತಕ್ಕದ್ದು.
5. ಸ್ಥಿರಾಸ್ತಿಯ ಹಕ್ಕು ಬಿಡುವುದಿದ್ದಲ್ಲಿ ಸ್ವತ್ತಿನ ಪೂರ್ಣ ಅನುಸೂಚಿ. ಅರ್ಜಿಯಲ್ಲಿ ಸೇರದ ಸ್ವತ್ತಿನ ಬಗ್ಗೆ ರಾಜಿ ಡಿಕ್ರಿಯಾದಲ್ಲಿ ಅದರ ನೋಂದಣಿ ಅಗತ್ಯವಾಗುತ್ತದೆ.
6. ಬಾಕಿ ಇರುವ ಎಲ್ಲ ಪ್ರಕರಣಗಳ ಸಂಖ್ಯೆ, ನ್ಯಾಯಾಲಯದ ಹೆಸರು, ಅವುಗಳನ್ನು ಯಾರು ಯಾವಾಗ ಹಿಂಪಡೆಯಬೇಕು ಎಂಬ ವಿವರ. ಪತ್ನಿಗೆ ಕ್ರೌರ್ಯದ ಆಪಾದನೆಯ ಪ್ರಕರಣವು (ಹಿಂದಿನ ಭಾರತೀಯ ದಂಡ ಸಂಹಿತೆಯ ಕಲಂ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ ಕಲಂ 85) ಕೆಳ ನ್ಯಾಯಾಲಯದಲ್ಲಿ ರಾಜಿ ಮಾಡಿಕೊಳ್ಳಲು ಬರುವಂತಹುದಲ್ಲ. ಉಚ್ಚ ನ್ಯಾಯಾಲಯದ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ರದ್ದತಿ ಅರ್ಜಿ ಸಲ್ಲಿಸಬೇಕಾಗುವುದರಿಂದ ಅದರ ವೆಚ್ಚ ಮತ್ತು ಸಹಕಾರದ ಷರತ್ತನ್ನೂ ಬರೆಯತಕ್ಕದ್ದು.

ಮಗುವಿನ ಜೀವನಾಂಶವು ಮಗುವಿನ ಹಕ್ಕಾಗಿರುತ್ತದೆ. ತಂದೆ ಅಥವಾ ತಾಯಿ ತಮ್ಮೊಳಗಿನ ಒಪ್ಪಂದದಿಂದ ಅದನ್ನು ಬಿಟ್ಟುಕೊಡಲು ಬರುವುದಿಲ್ಲ.

10. ಒಪ್ಪಂದವಾದ ನಂತರದ ಕ್ರಮ

ನ್ಯಾಯಾಲಯ ಸಂಯೋಜಿತ ಮಧ್ಯಸ್ಥಿಕೆಯಲ್ಲಿ ಆದ ಒಪ್ಪಂದವನ್ನು ನ್ಯಾಯಾಲಯಕ್ಕೆ ಕಳುಹಿಸಿ, ಅಲ್ಲಿ ದಾಖಲಿಸಿ ಡಿಕ್ರಿ ಹೊರಡಿಸಲಾಗುತ್ತದೆ. ಉಭಯರ ಒಪ್ಪಿಗೆಯಿಂದ ಆದ ಡಿಕ್ರಿಯ ವಿರುದ್ಧ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಕಲಂ 19ರಂತೆ ಮೇಲ್ಮನವಿ ಇರುವುದಿಲ್ಲ.

ವಿಚ್ಛೇದನ ತೀರ್ಮಾನವಾಗಿದ್ದಲ್ಲಿ ಹಿಂದೂ ವಿವಾಹ ಕಾಯ್ದೆಯ ಕಲಂ 13ಬಿ ಅಡಿ ಜಂಟಿ ಅರ್ಜಿ ಸಲ್ಲಿಸತಕ್ಕದ್ದು. ಅದಕ್ಕೆ ಉಭಯರೂ ಕನಿಷ್ಠ 1 ವರ್ಷ ಪ್ರತ್ಯೇಕವಾಗಿ ಬಾಳಿರಬೇಕು. ಅರ್ಜಿ ಸಲ್ಲಿಸಿದ 6 ತಿಂಗಳ ನಂತರ, 18 ತಿಂಗಳೊಳಗೆ ಎರಡನೆಯ ಹಂತದ ಕೋರಿಕೆ ಸಲ್ಲಿಸಬೇಕು. ಈ 6 ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ನ್ಯಾಯಾಲಯವು ಮನ್ನಾ ಮಾಡಬಹುದೆಂದು 2017ರ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ವಿಶೇಷ ವಿವಾಹ ಕಾಯ್ದೆ, 1954ರ ಅಡಿ ವಿವಾಹವಾದವರಿಗೆ ಕಲಂ 28ರಲ್ಲಿಯೂ, ಕ್ರೈಸ್ತರಿಗೆ ವಿಚ್ಛೇದನ ಕಾಯ್ದೆ, 1869ರ ಕಲಂ 10ಎ ನಲ್ಲಿಯೂ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅವಕಾಶವಿದೆ.

ಎರಡನೆಯ ಹಂತದವರೆಗೆ ಯಾರಾದರೊಬ್ಬರು ಒಪ್ಪಿಗೆಯನ್ನು ಹಿಂಪಡೆಯಲು ಅವಕಾಶವಿರುವುದರಿಂದ (1991ರ ಸುರೇಷ್ಟಾ ದೇವಿ ಪ್ರಕರಣ), ಹಣವನ್ನು ಹಂತ ಹಂತವಾಗಿ ಪಾವತಿಸುವ ಷರತ್ತು ಉಭಯರಿಗೂ ಕ್ಷೇಮ. ಉದಾಹರಣೆಗೆ ರೂ. 12,00,000ರಲ್ಲಿ ಜಂಟಿ ಅರ್ಜಿಯ ದಿನ ರೂ. 4,00,000, ಉಳಿದ ರೂ. 8,00,000 ಡಿಕ್ರಿಯಾಗುವ ದಿನ ನ್ಯಾಯಾಲಯದಲ್ಲಿಯೇ ಬ್ಯಾಂಕ್ ಡ್ರಾಫ್ಟ್ ಮೂಲಕ ಎಂದು ಬರೆಯಬಹುದು.

ಡಿಕ್ರಿಯ ದೃಢೀಕೃತ ನಕಲನ್ನು ಪಡೆದು ಪಡಿತರ ಚೀಟಿ, ಬ್ಯಾಂಕ್ ಖಾತೆ, ವಿಮೆ ಮತ್ತು ಭವಿಷ್ಯ ನಿಧಿಯ ನಾಮನಿರ್ದೇಶನಗಳಲ್ಲಿ ತಿದ್ದುಪಡಿ ಮಾಡಿಸಿಕೊಳ್ಳತಕ್ಕದ್ದು. ಇವು ತಾವಾಗಿಯೇ ಬದಲಾಗುವುದಿಲ್ಲ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೋಟರಿಯವರ ಮುಂದೆ ಛಾಪಾ ಕಾಗದದ ಮೇಲೆ ಸಹಿ ಮಾಡಿದರೆ ವಿಚ್ಛೇದನವಾಗುತ್ತದೆಯೇ?
ಉತ್ತರ: ಆಗುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ ಕಲಂ 29(2) ರೂಢಿಗತ ವಿಚ್ಛೇದನವನ್ನು ಮಾನ್ಯ ಮಾಡುತ್ತದಾದರೂ ಅಂತಹ ರೂಢಿ ಆ ಸಮುದಾಯದಲ್ಲಿ ಪ್ರಾಚೀನವಾಗಿ, ನಿರಂತರವಾಗಿ ಇದೆಯೆಂದು ಸಾಕ್ಷ್ಯದಿಂದ ಸಾಬೀತುಪಡಿಸಬೇಕಾಗುತ್ತದೆ. ಡಿಕ್ರಿ ಇಲ್ಲದೆ ಮರುವಿವಾಹವಾದಲ್ಲಿ ಎರಡನೆಯ ವಿವಾಹವು ಅಸಿಂಧುವಾಗುವ ಹಾಗೂ ದ್ವಿಪತ್ನಿತ್ವ ಅಥವಾ ದ್ವಿಪತಿತ್ವದ ಅಪರಾಧಕ್ಕೆ ಗುರಿಯಾಗುವ ಸಂಭವವಿರುತ್ತದೆ. ಆ ವಿವಾಹವನ್ನು ನಂಬಿ ಬಂದವರು ಸಹ ತೊಂದರೆಗೊಳಗಾಗುತ್ತಾರೆ.

ಪ್ರಶ್ನೆ: ಮಧ್ಯಸ್ಥಿಕೆಗೆ ಎಷ್ಟು ಸಮಯ ಹಿಡಿಯುತ್ತದೆ?
ಉತ್ತರ: ನ್ಯಾಯಾಲಯ ಒಪ್ಪಿಸಿದ ಪ್ರಕರಣಗಳಲ್ಲಿ ಸಾಮಾನ್ಯವಾಗಿ 60 ದಿನಗಳ ಅವಧಿ ಇದ್ದು, ಅಗತ್ಯವಿದ್ದಲ್ಲಿ ನ್ಯಾಯಾಲಯವು ವಿಸ್ತರಿಸಬಹುದು. ಒಂದೇ ಸಭೆಯಲ್ಲಿ ಮುಗಿಸಬೇಕೆಂಬ ಒತ್ತಾಯವಿಲ್ಲ. ಕರಡನ್ನು ಮನೆಗೆ ಕೊಂಡೊಯ್ದು ಓದಿ, ಮುಂದಿನ ಸಭೆಯಲ್ಲಿ ಸಹಿ ಮಾಡುವುದಾಗಿ ತಿಳಿಸಬಹುದು.

ಪ್ರಶ್ನೆ: ವಕೀಲರನ್ನು ನೇಮಿಸಿಕೊಳ್ಳಲು ಹಣವಿಲ್ಲದಿದ್ದಲ್ಲಿ?
ಉತ್ತರ: ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಇತರರಲ್ಲಿ ಹಲವರಿಗೆ ಆದಾಯದ ಮಿತಿ ಅನ್ವಯಿಸುತ್ತದೆ.

ಪ್ರಶ್ನೆ: ಮಧ್ಯಸ್ಥಿಕೆ ವಿಫಲವಾದರೆ ಪ್ರಕರಣಕ್ಕೆ ಹಾನಿಯೇ?
ಉತ್ತರ: ಇಲ್ಲ. ಪ್ರಕರಣವು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಎಲ್ಲ ವಿಷಯಗಳಲ್ಲಿ ಒಪ್ಪಂದವಾಗದಿದ್ದರೂ ಮಕ್ಕಳ ಭೇಟಿಯಂತಹ ಒಂದು ವಿಷಯದಲ್ಲಿ ಮಾತ್ರ ಒಪ್ಪಂದ ಮಾಡಿಕೊಂಡು, ಉಳಿದವನ್ನು ನ್ಯಾಯಾಲಯದ ತೀರ್ಮಾನಕ್ಕೆ ಬಿಡಬಹುದು.

ಪ್ರಶ್ನೆ: ಪತ್ನಿಯು ತವರಿಗೆ ಹೋಗಿದ್ದಲ್ಲಿ ಯಾವ ಊರಿನಲ್ಲಿ ಅರ್ಜಿ ಸಲ್ಲಿಸಬೇಕು?
ಉತ್ತರ: ಹಿಂದೂ ವಿವಾಹ ಕಾಯ್ದೆಯ ಕಲಂ 19ರಂತೆ ವಿವಾಹ ನಡೆದ ಸ್ಥಳ, ಎದುರುದಾರರು ವಾಸಿಸುವ ಸ್ಥಳ, ದಂಪತಿಗಳು ಕೊನೆಯದಾಗಿ ಒಟ್ಟಿಗೆ ವಾಸಿಸಿದ ಸ್ಥಳ ಅಥವಾ ಪತ್ನಿಯೇ ಅರ್ಜಿದಾರಳಾಗಿದ್ದಲ್ಲಿ ಆಕೆ ವಾಸಿಸುತ್ತಿರುವ ಸ್ಥಳದ ನ್ಯಾಯಾಲಯದಲ್ಲಿ ಸಲ್ಲಿಸಬಹುದು.

12. ಆಯ್ಕೆಗೆ ಮುನ್ನ ಕೇಳಿಕೊಳ್ಳಬೇಕಾದ ಐದು ಪ್ರಶ್ನೆಗಳು

1. ಎದುರು ಪಕ್ಷದವರ ಮುಂದೆ ಭಯವಿಲ್ಲದೆ ಮಾತನಾಡಲು ಸಾಧ್ಯವೇ?
2. ಬೇಕಾಗಿರುವುದು ಪುನರ್ಮಿಲನವೇ, ಪ್ರತ್ಯೇಕ ವಾಸದ ವ್ಯವಸ್ಥೆಯೇ, ವಿಚ್ಛೇದನವೇ?
3. ಆದಾಯ ಮತ್ತು ಆಸ್ತಿಯ ನಿಜವಾದ ವಿವರ ಕೈಯಲ್ಲಿದೆಯೇ?
4. ಇಲ್ಲಿ ಆಗುವ ಒಪ್ಪಂದವನ್ನು ಎದುರು ಪಕ್ಷದವರು ಮುರಿದಲ್ಲಿ ಅದನ್ನು ಜಾರಿಗೊಳಿಸುವವರು ಯಾರು?
5. ಈ ಏರ್ಪಾಡಿನಲ್ಲಿ ಮಗುವಿನ ಮುಂದಿನ ಶಾಲಾ ವರ್ಷ ಹೇಗೆ ಸಾಗುತ್ತದೆ?

ನಾಲ್ಕನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆಯದ ಕಡೆ ಸಹಿ ಮಾಡದಿರುವುದು ಸೂಕ್ತ.

13. ಸಂಪರ್ಕ

ಕಾನೂನು ನೆರವು ಸಹಾಯವಾಣಿ: 15100
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098
ತುರ್ತು ಸೇವೆ: 112

ವಿ.ಸೂ.: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಇರುತ್ತದೆ. ಪ್ರತಿಯೊಂದು ಪ್ರಕರಣದ ಸಂಗತಿಗಳು ಬೇರೆ ಬೇರೆಯಾಗಿರುವುದರಿಂದ ಒಪ್ಪಂದಕ್ಕೆ ಸಹಿ ಮಾಡುವ ಮುನ್ನ ವಕೀಲರ ಅಥವಾ ಸಂಬಂಧಪಟ್ಟ ಕಾನೂನು ಸೇವೆಗಳ ಪ್ರಾಧಿಕಾರದ ಸಲಹೆ ಪಡೆಯಲು ಕೋರಲಾಗಿದೆ.